ಅಕ್ಕನ ಅಡ್ರಿನಲ್ ಗಡ್ಡೆ: ಗಂಗಾವತಿಯಿಂದ ಪೆಥಾಲಜಿ ವರದಿಯವರೆಗೆ

ಅಕ್ಕನ ಹೊಟ್ಟೆಯಿಂದ ತೆಗೆದ ಗಡ್ಡೆಯ ಅಂತಿಮ ಪೆಥಾಲಜಿ ವರದಿ ಈಚೆಗಷ್ಟೇ ನಮ್ಮ ಕೈಸೇರಿತು. ‘ಕಾಂಪೋಸಿಟ್ ಫಿಯೋಕ್ರೋಮೋಸೈಟೋಮ, ಜೊತೆಗೆ ಗ್ಯಾಂಗ್ಲಿಯೋನ್ಯೂರೋಮ’ ಎಂದು ಅದರಲ್ಲಿದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದ ಒಂದೇ ಗಡ್ಡೆಯೊಳಗೆ ಎರಡು ಬೇರೆ ಬೇರೆ ಬಗೆಯ ಗಡ್ಡೆಗಳು ಕೂಡಿಕೊಂಡಿದ್ದವು ಎಂದು ಇದರ ಅರ್ಥ: ಅಡ್ರಿನಲಿನ್ ಜಾತಿಯ ಹಾರ್ಮೋನು ಸುರಿಸುವ ಫಿಯೋಕ್ರೋಮೋಸೈಟೋಮ ಒಂದು, ನರಕೋಶಗಳಿಂದಾದ, ಕ್ಯಾನ್ಸರ್ ಅಲ್ಲದ ಗ್ಯಾಂಗ್ಲಿಯೋನ್ಯೂರೋಮ ಇನ್ನೊಂದು. ಈ ಒಂದು ಸಾಲಿಗಾಗಿ ನಾವು ಗಂಗಾವತಿ, ಕೊಪ್ಪಳ, ಬಳ್ಳಾರಿ, ಬೆಂಗಳೂರು ಎಂದು ವರ್ಷಕ್ಕೂ ಹೆಚ್ಚು ಕಾಲ ಅಲೆದಿದ್ದೇವೆ. ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ, ಯಾವುದು ಕೂಡದು ಎಂಬುದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅಕ್ಕನ ನರಳಾಟ ಬಹಳಷ್ಟು ಕಡಿಮೆಯಾಗುತ್ತಿತ್ತು. ನಮ್ಮ ಕಡೆಯ ಯಾವುದೋ ಮನೆಯಲ್ಲಿ ಈಗ ಇಂಥದೇ ಸ್ಕ್ಯಾನ್ ವರದಿ ಹಿಡಿದು ದಿಕ್ಕು ತೋಚದೆ ಕುಳಿತವರಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಇಲ್ಲಿರುವ ವೈದ್ಯಕೀಯ ಸಂಗತಿಗಳೆಲ್ಲ ಅಕ್ಕನಿಗೆ ಚಿಕಿತ್ಸೆ ಕೊಟ್ಟವರು ನನಗೆ ಬಿಡಿಸಿ ಹೇಳಿದವು. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ವೈದ್ಯರನ್ನು ಕೇಳಿಯೇ ಆಗಬೇಕು.

ಅಕ್ಕನಿಗೆ 46 ವರ್ಷ. ಕಾರಟಗಿ ಹತ್ತಿರದ ಹಳ್ಳಿಯಲ್ಲಿ ಮನೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆಯುವ ಭತ್ತದ ಗದ್ದೆ. ನಾಟಿಯ ಕಾಲದಲ್ಲಿ ಬಗ್ಗಿ ನಿಂತು ಕೆಲಸ ಮಾಡುವಾಗ ಒಮ್ಮೆಲೇ ತಲೆ ಸಿಡಿದುಹೋಗುವಂಥ ನೋವು ಬರುತ್ತಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಸೀರೆ ತೊಯ್ಯುವಷ್ಟು ಬೆವರು ಕಿತ್ತುಕೊಂಡು ಬರುತ್ತಿತ್ತು, ಮುಖ ಬಿಳಿಚಿಕೊಳ್ಳುತ್ತಿತ್ತು. ಕಾಲು ಗಂಟೆಯೋ ಅರ್ಧ ಗಂಟೆಯೋ ಕಳೆದರೆ ಎಲ್ಲವೂ ಇಳಿದು, ಕೈಕಾಲು ನಡುಗುತ್ತ ಮಲಗಿಬಿಡುತ್ತಿದ್ದಳು. ಬಿಸಿಲಿನ ಝಳ ಎಂದರು, ಗ್ಯಾಸ್ ಎಂದರು, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೀಗೆಯೇ ಎಂದರು. ಅತ್ತೆ ಹುಲಿಗೆಮ್ಮನಿಗೆ ಹರಕೆ ಹೊತ್ತರು. ಕೊನೆಗೆ ಒಂದು ಕಡೆ ಇದು ಗಾಬರಿಯ ಕಾಯಿಲೆ, ಮನಸ್ಸಿನದು ಎಂದು ಚೀಟಿಯಲ್ಲಿ ಬರೆದರು. ಆ ಮಾತು ಅಕ್ಕನಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಟ್ಟಿತು. ಅಂದಿನಿಂದ ಅವಳು ನೋವು ಬಂದರೂ ಹೇಳುವುದನ್ನೇ ನಿಲ್ಲಿಸಿದಳು.

ತಲೆನೋವು, ಬೆವರು, ಎದೆಬಡಿತ ಈ ಮೂರೂ ಒಟ್ಟಿಗೆ, ಅಲೆಯಲೆಯಾಗಿ ಬಂದು ಹೋಗುತ್ತಿದ್ದರೆ, ಆ ಹೊತ್ತಿನಲ್ಲಿ ಬಿ.ಪಿ. ನೋಡಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಕ್ಲಿನಿಕ್ ತಲುಪುವ ಹೊತ್ತಿಗೆ ಅಕ್ಕನ ಬಿ.ಪಿ. 130ರ ಆಸುಪಾಸಿಗೆ ಇಳಿದಿರುತ್ತಿತ್ತು. ನಾನು ಗಂಗಾವತಿಯಿಂದ ಒಂದು ಬಿ.ಪಿ. ಯಂತ್ರ ಕೊಂಡು ಅವಳ ಮನೆಯಲ್ಲಿಟ್ಟೆ, ಹತ್ತನೇ ತರಗತಿ ಓದುವ ಸೋದರಳಿಯನಿಗೆ ಬಳಸುವುದನ್ನು ಕಲಿಸಿದೆ. ಒಂದು ಸಂಜೆ ಅವನು ಫೋನು ಮಾಡಿ, “ಮಾವ, 220 ತೋರಿಸುತ್ತಿದೆ, ಯಂತ್ರ ಕೆಟ್ಟಿದೆಯೇ?” ಎಂದು ಕೇಳಿದ. ಯಂತ್ರ ಕೆಟ್ಟಿರಲಿಲ್ಲ. ಆ ಹುಡುಗ ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಅಂಕಿ, ಆಗ ಅಮ್ಮ ಏನು ಮಾಡುತ್ತಿದ್ದಳು ಎಂದು ಬರೆದಿಟ್ಟ ಪಟ್ಟಿಯೇ ಮುಂದೆ ಬಳ್ಳಾರಿಯ ವೈದ್ಯರ ಕಣ್ಣಿಗೆ ಮೊದಲು ಬಿದ್ದ ಸಾಕ್ಷಿ.

ಅದಕ್ಕೂ ಮೊದಲು ನಡೆದ ಒಂದು ಸಂಗತಿ ಹೇಳಲೇಬೇಕು. ಎದೆಬಡಿತ ತಗ್ಗಲಿ ಎಂದು ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಪ್ರೊಪ್ರನಲಾಲ್ ಮಾತ್ರೆ ಕೊಟ್ಟರು. ಅದನ್ನು ನುಂಗಲು ಶುರು ಮಾಡಿದ ಮೇಲೆ ಅಕ್ಕನ ತಲೆನೋವು ಇನ್ನಷ್ಟು ಭೀಕರವಾಯಿತು. ಆಗ ಕಾರಣ ತಿಳಿಯಲಿಲ್ಲ. ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ದೇಹದಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತವೆಯಂತೆ. ಪ್ರೊಪ್ರನಲಾಲ್‌ನಂಥ ಮಾತ್ರೆಯಿಂದ ಬೀಟಾವನ್ನು ಮಾತ್ರ ಮೊದಲು ತಡೆದರೆ ರಕ್ತನಾಳಗಳನ್ನು ಬಿಗಿಯುವ ಆಲ್ಫಾದ ಕೆಲಸಕ್ಕೆ ಅಡ್ಡಿಯೇ ಇರುವುದಿಲ್ಲ, ಒತ್ತಡ ಇನ್ನೂ ಮೇಲೇರುತ್ತದೆ. ಹಾಗಾಗಿ ಇಂಥ ಗಡ್ಡೆಯ ಅನುಮಾನವಿದ್ದರೆ ಮೊದಲು ಆಲ್ಫಾ ತಡೆಯುವ ಔಷಧ, ಅಗತ್ಯವಿದ್ದರೆ ಆಮೇಲೆ ಬೀಟಾ. ಈ ಕ್ರಮ ಎಂದಿಗೂ ತಲೆಕೆಳಗಾಗಬಾರದು.

ಗಡ್ಡೆ ಸಿಕ್ಕಿದ್ದು ಆಕಸ್ಮಿಕವಾಗಿ. ಬಲ ಪಕ್ಕೆಲುಬಿನ ಕೆಳಗೆ ನೋವೆಂದು ಪಿತ್ತಕೋಶದ ಕಲ್ಲು ನೋಡಲು ಅಲ್ಟ್ರಾಸೌಂಡ್ ಮಾಡಿಸಿದೆವು. ಕಲ್ಲಿರಲಿಲ್ಲ. ಬಲ ಮೂತ್ರಪಿಂಡದ ಮೇಲೆ ಏನೋ ಇದೆ, ಸಿಟಿ ಮಾಡಿಸಿ ಎಂದರು. ಸಿಟಿ ವರದಿಯಲ್ಲಿ ಬಲ ಅಡ್ರಿನಲ್ ಗ್ರಂಥಿಯಲ್ಲಿ 5.2 ಸೆಂಟಿಮೀಟರ್ ಗಡ್ಡೆ ಎಂದಿತ್ತು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿ ಹಾಕಿದಂತೆ ಕುಳಿತಿರುವ ಪುಟ್ಟ ಗ್ರಂಥಿ ಇದು. ಹೊರ ಪದರದಿಂದ ಕಾರ್ಟಿಸೋಲ್, ಆಲ್ಡೋಸ್ಟಿರೋನ್‌ನಂಥ ಹಾರ್ಮೋನುಗಳೂ ಒಳ ತಿರುಳಿನಿಂದ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳೂ ಬರುತ್ತವೆ.

ನಿಮ್ಮ ವರದಿಯಲ್ಲಿ ‘ಎಚ್‌ಯು’ ಎಂಬ ಅಂಕಿಯನ್ನು ಹುಡುಕಿ. ಕಾಂಟ್ರಾಸ್ಟ್ ಔಷಧ ಕೊಡುವ ಮೊದಲು ತೆಗೆದ ಚಿತ್ರದಲ್ಲಿ ಗಡ್ಡೆಯ ಸಾಂದ್ರತೆ ಎಷ್ಟೆಂದು ಅದು ಹೇಳುತ್ತದೆ. 10ಕ್ಕಿಂತ ಕಡಿಮೆಯಿದ್ದರೆ ಬಹುಮಟ್ಟಿಗೆ ಅದು ಅಡಿನೋಮ ಎಂಬ ಕೊಬ್ಬು ತುಂಬಿದ ನಿರುಪದ್ರವಿ ಗಡ್ಡೆ. ಅಕ್ಕನದು 34 ಇತ್ತು. ಆ ಅಂಕಿಯಿಂದ ಕಾಯಿಲೆಯ ಹೆಸರು ತಿಳಿಯುವುದಿಲ್ಲ, ಆದರೆ ಸುಮ್ಮನೆ ಬಿಟ್ಟು ಕೂರುವಂಥದಲ್ಲ ಎಂಬುದು ತಿಳಿಯುತ್ತದೆ. ನಮಗೆ ಮೊದಲು ಸಿಕ್ಕ ವರದಿಯಲ್ಲಿ ಈ ಅಂಕಿಯೇ ಇರಲಿಲ್ಲ. ಸಿ.ಡಿ. ಕೊಟ್ಟು ಮತ್ತೆ ಕೇಳಿದ ಮೇಲೆ ಸೇರಿಸಿ ಕೊಟ್ಟರು. ಫಿಲ್ಮ್ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮುಂದೆ ಪ್ರತಿ ಆಸ್ಪತ್ರೆಯೂ ಕೇಳಿದ್ದು ಅದನ್ನೇ.

ಸಿಟಿ ನೋಡಿದ ಒಬ್ಬರು, ಸೂಜಿ ಹಾಕಿ ಸ್ವಲ್ಪ ತುಣುಕು ತೆಗೆದು ಪರೀಕ್ಷಿಸೋಣ, ಎರಡು ದಿನದಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯುತ್ತದೆ ಎಂದರು. ಮಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಅದು ಸರಿ ಎನಿಸಿತು. ಎರಡು ದಿನದಲ್ಲಿ ಉತ್ತರ ಸಿಗುವುದಾದರೆ ಯಾರಿಗೆ ಬೇಡ? ದಿನಾಂಕವೂ ನಿಗದಿಯಾಯಿತು. ಅಷ್ಟರಲ್ಲಿ ಗಿರಣಿಯ ಮಾಲೀಕರು ಬಳ್ಳಾರಿಯಲ್ಲಿ ತಮಗೆ ಪರಿಚಯದ ಹಿರಿಯ ವೈದ್ಯರೊಬ್ಬರಿಗೆ ಒಮ್ಮೆ ತೋರಿಸಿಬಿಡಿ ಎಂದು ಒತ್ತಾಯಿಸಿ ಕಳಿಸಿದರು.

ಆ ವೈದ್ಯರು ಸಿಟಿಗೆ ಮೊದಲು ಹುಡುಗನ ನೋಟ್‌ಬುಕ್ ನೋಡಿದರು. ಓದಿ ಮುಗಿಸಿ, “ಇದಕ್ಕೆ ಯಾರಾದರೂ ಸೂಜಿ ಹಾಕಿದ್ದಾರೆಯೇ?” ಎಂದು ಕೇಳಿದರು. ಇಲ್ಲ, ಹಾಕುವವರಿದ್ದಾರೆ ಎಂದೆ. “ಬೇಡವೇ ಬೇಡ. ಮೊದಲು ಮೂತ್ರದ ಪರೀಕ್ಷೆ” ಎಂದರು. ಇದು ಫಿಯೋಕ್ರೋಮೋಸೈಟೋಮ ಆಗಿದ್ದರೆ ಸೂಜಿ ಚುಚ್ಚಿದೊಡನೆ ಗಡ್ಡೆಯಲ್ಲಿ ತುಂಬಿದ ಅಡ್ರಿನಲಿನ್ ರಕ್ತಕ್ಕೆ ಸುರಿದು ಪ್ರಾಣಕ್ಕೇ ಕುತ್ತು ಬರಬಹುದು. ಆಮೇಲೆ ನಾನು ಭೇಟಿಯಾದ ತಜ್ಞರೆಲ್ಲರೂ ಇದನ್ನೇ ಹೇಳಿದರು: ಅಡ್ರಿನಲ್ ಗಡ್ಡೆಗೆ ಹಾರ್ಮೋನು ಪರೀಕ್ಷೆ ಮುಗಿಯುವ ಮುನ್ನ ಸೂಜಿಯೂ ಇಲ್ಲ, ಕತ್ತಿಯೂ ಇಲ್ಲ. ಈ ಬರಹದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ಅವರು ಅಕ್ಕನನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ ಬಿ.ಪಿ. ನೋಡಿದರು. ತೋಳು, ಬೆನ್ನು, ಕಂಕುಳಲ್ಲಿ ಹಾಲು ಹಾಕಿದ ಚಹಾದ ಬಣ್ಣದ ಮಚ್ಚೆಗಳು ಅಥವಾ ಚರ್ಮದ ಮೇಲೆ ಮೆತ್ತನೆಯ ಗಂಟುಗಳು ಇವೆಯೇ ಎಂದು ನರ್ಸ್ ಕೈಯಿಂದ ನೋಡಿಸಿದರು. ನ್ಯೂರೋಫೈಬ್ರೊಮಟೋಸಿಸ್ ಎಂಬ ವಂಶವಾಹಿ ಕಾಯಿಲೆ ಇದ್ದವರಲ್ಲಿ ಇಂಥ ಗಡ್ಡೆ ಬರುವುದುಂಟಂತೆ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಚಿಕ್ಕ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದವರಿದ್ದಾರೆಯೇ, ಅಕ್ಕನಿಗೆ ನೀರಿನಂಥ ಭೇದಿ ಆಗುತ್ತಿತ್ತೇ ಎಂದೆಲ್ಲ ಕೇಳಿದರು. ಭೇದಿಯ ಪ್ರಶ್ನೆ ಆಗ ವಿಚಿತ್ರವೆನಿಸಿತು. ಕಾಂಪೋಸಿಟ್ ಗಡ್ಡೆಗಳಲ್ಲಿ ಕೆಲವು ಕರುಳನ್ನು ಕೆರಳಿಸುವ ವಿಐಪಿ ಎಂಬ ಹಾರ್ಮೋನನ್ನು ಸುರಿಸುತ್ತವೆ ಎಂದು ಆಮೇಲೆ ತಿಳಿಯಿತು. ಅಕ್ಕನಿಗೆ ಆ ತೊಂದರೆ ಇರಲಿಲ್ಲ.

ಈಗ 24 ಗಂಟೆಯ ಮೂತ್ರದ ವಿಷಯ. ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳು ರಕ್ತದಲ್ಲಿ ಏರಿಳಿಯುತ್ತಲೇ ಇರುತ್ತವೆ, ಆದರೆ ಅವು ಒಡೆದು ಉಂಟಾಗುವ ಮೆಟಾನೆಫ್ರಿನ್, ನಾರ್ಮೆಟಾನೆಫ್ರಿನ್‌ಗಳು ಗಡ್ಡೆಯೊಳಗೆ ಸತತವಾಗಿ ತಯಾರಾಗುತ್ತವೆ. ಆದ್ದರಿಂದ ಅಳೆಯಬೇಕಾದದ್ದು ಇವನ್ನು. ರಕ್ತದಲ್ಲೂ ಅಳೆಯಬಹುದು, ಆದರೆ ರಕ್ತ ತೆಗೆಯುವ ಮುನ್ನ ರೋಗಿ 20–30 ನಿಮಿಷ ಅಂಗಾತ ಮಲಗಿರಬೇಕು. ಕುರ್ಚಿಯಲ್ಲಿ ಕೂರಿಸಿ ತೆಗೆದ ರಕ್ತದಲ್ಲಿ ಅಂಕಿ ಸುಳ್ಳಾಗಿ ಏರಿರಬಹುದು. ನಮ್ಮ ಊರಿನ ಸಂಗ್ರಹ ಕೇಂದ್ರದಲ್ಲಿ ಮಲಗಿಸಲು ಜಾಗವೇ ಇಲ್ಲದ್ದರಿಂದ ವೈದ್ಯರು ಮೂತ್ರವನ್ನೇ ಆರಿಸಿದರು.

ಬೆಳಿಗ್ಗೆ ಎದ್ದೊಡನೆ ಹೋಗುವ ಮೊದಲ ಮೂತ್ರವನ್ನು ಚೆಲ್ಲಿ ಆ ಸಮಯ ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮರುದಿನ ಅದೇ ಸಮಯದವರೆಗೆ ಹನಿಯೂ ಬಿಡದೆ ಕ್ಯಾನಿಗೆ ಸೇರಿಸಬೇಕು, ಮರುದಿನ ಬೆಳಗಿನ ಮೊದಲ ಮೂತ್ರವೂ ಅದರೊಳಗೆ. ಕ್ಯಾನಿನಲ್ಲಿ ಲ್ಯಾಬಿನವರು ಮೊದಲೇ ಸ್ವಲ್ಪ ಆಮ್ಲ ಹಾಕಿ ಕೊಡುತ್ತಾರೆ. ನೇರವಾಗಿ ಅದರೊಳಗೆ ಹೋಗಬಾರದು, ಸಿಡಿದರೆ ಚರ್ಮ ಸುಡುತ್ತದೆ. ಬೇರೆ ಮಗ್ಗಿನಲ್ಲಿ ಹಿಡಿದು ನಿಧಾನವಾಗಿ ಸುರಿಯಬೇಕು. ಮಕ್ಕಳ ಕೈಗೆ ಸಿಗದಂತೆ ತಂಪಾದ ಜಾಗದಲ್ಲಿ ಇಡಬೇಕು. ಅಕ್ಕನ ಮನೆಯಲ್ಲಿ ಫ್ರಿಜ್ ಇರಲಿಲ್ಲ, ಏಪ್ರಿಲ್ ತಿಂಗಳ ಬಿಸಿಲು ಬೇರೆ. ಮಾವ ಕಾರಟಗಿಯಿಂದ ಮಂಜುಗಡ್ಡೆ ತಂದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ, ಕ್ಯಾನನ್ನು ಅದರಲ್ಲಿ ನಿಲ್ಲಿಸಿ ಮೇಲೆ ಹಸಿ ಗೋಣಿಚೀಲ ಸುತ್ತಿದರು. ಕರಗಿದಂತೆಲ್ಲ ಹೊಸ ಮಂಜು ಸುರಿದರು. ಆ ದಿನ ಅಕ್ಕ ಮನೆಬಿಟ್ಟು ಹೊರಗೆ ಹೋಗಲಿಲ್ಲ. ಮೂತ್ರದ ಕ್ಯಾನನ್ನು ಬಚ್ಚಲಿನಲ್ಲಿಟ್ಟುಕೊಂಡಿದ್ದಾಳೆ ಎಂದು ಓಣಿಯಲ್ಲಿ ಮಾತಾಗುತ್ತದೆಂಬ ನಾಚಿಕೆ ಅವಳನ್ನು ತಿನ್ನುತ್ತಿತ್ತು.

ಅಷ್ಟೆಲ್ಲ ಮಾಡಿ ಕಳಿಸಿದ ಮೇಲೆ ಲ್ಯಾಬಿನಿಂದ ಮಾದರಿ ತಿರಸ್ಕೃತ ಎಂದು ಸಂದೇಶ ಬಂತು. ಸಂಗ್ರಹ ಕೇಂದ್ರದವರು ಕೊಟ್ಟಿದ್ದ ಕ್ಯಾನಿನಲ್ಲಿ ಆಮ್ಲವೇ ಇರಲಿಲ್ಲ, ಒಟ್ಟು ಪ್ರಮಾಣ ಎಷ್ಟೆಂದೂ ಅವರು ಬರೆದಿರಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮತ್ತೆ ಹೊಸದಾಗಿ ಸಂಗ್ರಹಿಸಬೇಕಾಯಿತು. ಕ್ಯಾನ್ ಕೈಗೆ ತೆಗೆದುಕೊಳ್ಳುವಾಗಲೇ ಇದು ಮೆಟಾನೆಫ್ರಿನ್ ಪರೀಕ್ಷೆಗೆ ಎಂದು ಬಾಯಿಬಿಟ್ಟು ಹೇಳಿ, ಆಮ್ಲ ಹಾಕಿದ್ದೀರಾ ಎಂದು ಕೇಳಿ, ಮರಳಿಸುವಾಗ ಒಟ್ಟು ಎಷ್ಟು ಮಿಲಿಲೀಟರ್ ಎಂದು ಚೀಟಿಯ ಮೇಲೆ ನಿಮ್ಮ ಮುಂದೆಯೇ ಬರೆಸಿ. ಶೀತಕ್ಕೆ ನುಂಗುವ ಕೆಲವು ಮಾತ್ರೆಗಳು, ಖಿನ್ನತೆಗೆ ಮತ್ತು ನರನೋವಿಗೆ ಕೊಡುವ ಅಮಿಟ್ರಿಪ್ಟಲಿನ್‌ನಂಥವು ಫಲಿತಾಂಶವನ್ನು ಕೆಡಿಸುತ್ತವೆ. ನುಂಗುತ್ತಿರುವ ಪ್ರತಿ ಮಾತ್ರೆಯ ಹಾಳೆಯನ್ನೂ ಮೊದಲೇ ವೈದ್ಯರಿಗೆ ತೋರಿಸಿ. ನಮಗೆ ಈ ಒಂದು ಪರೀಕ್ಷೆಗೆ 5 ಸಾವಿರ ರೂಪಾಯಿ ದಾಟಿತು. ಮಾದರಿ ದೂರದ ಊರಿಗೆ ಹೋಗುವುದರಿಂದ ವರದಿಗೆ ವಾರದ ಮೇಲೆ ಕಾದೆವು.

ವರದಿ ನನ್ನ ಮೊಬೈಲಿಗೆ ಬಂದಾಗ ಗಿರಣಿಯಲ್ಲಿದ್ದೆ. ನಾರ್ಮೆಟಾನೆಫ್ರಿನ್ ಸಾಮಾನ್ಯ ಮಿತಿಯ ಐದು ಪಟ್ಟು ಮೀರಿತ್ತು. ಅಂಕಿ ಸ್ವಲ್ಪ ಹೆಚ್ಚಿದ್ದರೆ ಅದು ಸುಳ್ಳು ಏರಿಕೆಯೂ ಇರಬಹುದು, ಇಷ್ಟು ಹೆಚ್ಚಿದ್ದರೆ ಅನುಮಾನಕ್ಕೆ ಎಡೆ ಕಡಿಮೆ ಎಂದು ವೈದ್ಯರು ಫೋನಿನಲ್ಲಿ ಹೇಳಿದರು. ಕಾರ್ಟಿಸೋಲ್, ಆಲ್ಡೋಸ್ಟಿರೋನ್ ಪರೀಕ್ಷೆಗಳನ್ನೂ ಮಾಡಿಸಿದ್ದರು, ಅವು ಸರಿಯಿದ್ದವು. ರಾತ್ರಿ ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕ್ಯಾನ್ಸರೇ ಎಂದು ಕೇಳಲಿಲ್ಲ. “ತಮ್ಮಾ, ನನ್ನ ಮನಸ್ಸಿಗೆ ಏನೂ ಆಗಿಲ್ಲ ಎಂದು ಈಗಲಾದರೂ ಬರೆದು ಕೊಡುತ್ತಾರೆಯೇ?” ಎಂದಳು. ಮಾವ ಎದ್ದು ಅಂಗಳಕ್ಕೆ ಹೋದರು.

ಮುಂದಿನದು ಕಾಗದಪತ್ರಗಳ ಕೆಲಸ. ಶಸ್ತ್ರಚಿಕಿತ್ಸೆಗೆ ಹಾರ್ಮೋನು ತಜ್ಞರು, ಅನುಭವಿ ಅರಿವಳಿಕೆ ತಜ್ಞರು, ಐಸಿಯು ಎಲ್ಲವೂ ಒಂದೇ ಕಡೆ ಇರುವ ಆಸ್ಪತ್ರೆಯೇ ಬೇಕೆಂದು ಬೆಂಗಳೂರಿಗೆ ಹೋಗಲು ಹೇಳಿದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ. ತುರ್ತು ಅಲ್ಲದ ಇಂಥ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಸಿಟಿ, ಮೂತ್ರದ ವರದಿ, ಬಳ್ಳಾರಿಯ ಚೀಟಿ ತೋರಿಸಿದಾಗ ಅಲ್ಲಿನ ವೈದ್ಯರು ತಾಳ್ಮೆಯಿಂದ ಓದಿ ಪತ್ರ ಬರೆದುಕೊಟ್ಟರು. ತೊಡಕಾದದ್ದು ಹೆಸರು. ಅಕ್ಕನ ಆಧಾರ್‌ನಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಮದುವೆಯಲ್ಲಿ ಇಟ್ಟ ಹೆಸರು. ಎರಡೂ ಒಬ್ಬಳದೇ ಎಂದು ಗಣಕಯಂತ್ರ ಒಪ್ಪುವುದಿಲ್ಲ. ತಿದ್ದುಪಡಿಗೆ ಅರ್ಜಿ ಹಾಕಿ ಕಾಯಬೇಕಾಯಿತು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ಹೀಗೆ ಎರಡೆರಡು ಹೆಸರಿರುತ್ತವೆ. ಕಾಯಿಲೆ ಬರುವ ಮೊದಲೇ ಎರಡು ಚೀಟಿಗಳನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.

ಬೆಂಗಳೂರಿಗೆ ಹೋದದ್ದು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ, ಹೊಸಪೇಟೆಯಿಂದ. ರಾತ್ರಿ ಬಸ್ಸಿನ ಕುಲುಕಾಟ ಬೇಡ, ಶೌಚಾಲಯ ಇರುವ ಗಾಡಿಯಲ್ಲೇ ಹೋಗಿ ಎಂದಿದ್ದರು. ಅಲ್ಲಿನ ಹಾರ್ಮೋನು ತಜ್ಞೆ ಗಡ್ಡೆ 5 ಸೆಂಟಿಮೀಟರ್ ಮೀರಿದ್ದರಿಂದ ಬೇರೆಡೆಗೆ ಹರಡಿದೆಯೇ ಎಂದು ತಿಳಿಯಲು ಇಂಥ ಗಡ್ಡೆ ಇರುವ ಕಡೆ ಚಿತ್ರದಲ್ಲಿ ಬೆಳಗುವಂತೆ ಮಾಡುವ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ಬರೆದರು. ದಾಖಲಾಗುವ ಮೊದಲಿನ ಪರೀಕ್ಷೆಯಾದ್ದರಿಂದ ನಮ್ಮ ಕೈಯಿಂದಲೇ 20 ಸಾವಿರದ ಹತ್ತಿರ ಹೋಯಿತು. ಬೇರೆಲ್ಲೂ ಏನೂ ಇರಲಿಲ್ಲ. ಗಡ್ಡೆಯ ಒಂದು ಭಾಗ ಚೆನ್ನಾಗಿ ಬೆಳಗಿ, ಇನ್ನೊಂದು ಭಾಗ ಮಂಕಾಗಿತ್ತು. ಒಳಗೆ ರಕ್ತಸ್ರಾವವಾಗಿ ಆ ಭಾಗ ಸತ್ತಿರಬಹುದು ಎಂದು ಎಲ್ಲರೂ ಭಾವಿಸಿದರು. ಎರಡು ಬಗೆಯ ಗಡ್ಡೆ ಇರಬಹುದೆಂದು ಆಗ ಯಾರೂ ಹೇಳಲಿಲ್ಲ. ಹೇಳಲೂ ಆಗುವುದಿಲ್ಲ, ಏಕೆಂದರೆ ಕಾಂಪೋಸಿಟ್ ಗಡ್ಡೆಯನ್ನು ಖಚಿತಪಡಿಸುವುದು ಸೂಕ್ಷ್ಮದರ್ಶಕ ಮಾತ್ರ.

ಶಸ್ತ್ರಚಿಕಿತ್ಸೆಗೆ ಮುಂಚೆ ಎರಡು ವಾರದ ಸಿದ್ಧತೆ. ಪ್ರಾಜೋಸಿನ್ ಎಂಬ ಆಲ್ಫಾ ತಡೆಯುವ ಮಾತ್ರೆ ಕೊಟ್ಟು ಮೆಲ್ಲಮೆಲ್ಲನೆ ಹೆಚ್ಚಿಸಿದರು. ಮೊದಲ ಮಾತ್ರೆಗೆ ಬಿ.ಪಿ. ಥಟ್ಟನೆ ಇಳಿದು ತಲೆಸುತ್ತಿ ಬೀಳುವ ಅಪಾಯವಿರುವುದರಿಂದ ಅದನ್ನು ರಾತ್ರಿ ಮಲಗುವಾಗ ಕೊಡಬೇಕು. ಹಾಸಿಗೆಯಿಂದ ಏಳುವಾಗ ಮೊದಲು ಕೂತು, ಸ್ವಲ್ಪ ತಡೆದು, ಆಮೇಲೆ ನಿಲ್ಲಬೇಕು. ಮೂಗು ಕಟ್ಟಿಕೊಂಡರೆ ಅದು ಶೀತವಲ್ಲ, ಮಾತ್ರೆ ಕೆಲಸ ಮಾಡುತ್ತಿರುವ ಗುರುತು. ಅದಕ್ಕೆಂದು ಅಂಗಡಿಯಿಂದ ಶೀತದ ಮಾತ್ರೆ ತಂದು ನುಂಗಬಾರದು. ನಾನು ದಿನಕ್ಕೆ ಹಲವು ಬಾರಿ ಕೂತಾಗಿನ, ನಿಂತಾಗಿನ ಬಿ.ಪಿ. ಬರೆದೆ. ಕೂತಾಗ 130ಕ್ಕಿಂತ ಕೆಳಗೆ ಬರಬೇಕು, ನಿಂತಾಗ 90ಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ಅಕ್ಕನಿಗೆ ಇಟ್ಟ ಗುರಿ. ಕೊನೆಗೆ ನಾಡಿಬಡಿತ ಏರಿದ್ದನ್ನು ನೋಡಿ ಬೀಟಾ ತಡೆಯುವ ಮಾತ್ರೆ ಸೇರಿಸಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಉಪ್ಪು. ಬಿ.ಪಿ. ಇದೆ ಎಂದೊಡನೆ ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಭರಣಿ ಅಟ್ಟ ಸೇರುತ್ತದೆ. ಇಲ್ಲಿ ತಜ್ಞೆ, “ಉಪ್ಪು ಹೆಚ್ಚು ತಿನ್ನಿ, ನೀರು ಮಜ್ಜಿಗೆ ಧಾರಾಳವಾಗಿ ಕುಡಿಯಿರಿ” ಎಂದರು. ಇಷ್ಟು ಕಾಲ ಬಿಗಿದುಕೊಂಡಿದ್ದ ರಕ್ತನಾಳಗಳು ಮಾತ್ರೆಯಿಂದ ಸಡಿಲವಾದಾಗ ಅವುಗಳನ್ನು ತುಂಬಲು ದೇಹದಲ್ಲಿ ನೀರಿನಂಶ ಬೇಕು, ಇಲ್ಲದಿದ್ದರೆ ಗಡ್ಡೆ ತೆಗೆದ ಕ್ಷಣ ಬಿ.ಪಿ. ಕುಸಿಯುತ್ತದೆ. ಊರಿನಿಂದ ಫೋನು ಮಾಡಿದ ಅತ್ತೆ, ಸೊಸೆಯನ್ನು ಕೊಲ್ಲಲು ಹೊರಟಿದ್ದೀರಾ ಎಂದು ನನ್ನನ್ನು ಬೈದರು. ನರ್ಸ್ ಕೈಗೆ ಫೋನು ಕೊಟ್ಟು ಹೇಳಿಸಿದ ಮೇಲೆ ಸಮಾಧಾನವಾದರು. ಈ ಸಲಹೆ ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಹೊಂದುವುದಿಲ್ಲ, ನಿಮ್ಮ ವೈದ್ಯರು ಹೇಳಿದರಷ್ಟೇ ಪಾಲಿಸಿ.

ಶಸ್ತ್ರಚಿಕಿತ್ಸೆ ಲ್ಯಾಪರೋಸ್ಕೋಪಿಯಲ್ಲಿ, ಸಣ್ಣ ರಂಧ್ರಗಳ ಮೂಲಕ ಆಯಿತು. ಗಡ್ಡೆಯನ್ನು ಮುಟ್ಟಿದಾಗೆಲ್ಲ ಬಿ.ಪಿ. ನೆಗೆಯಿತಂತೆ, ಅದರ ರಕ್ತನಾಳ ಕಟ್ಟಿದೊಡನೆ ಇಳಿಯಿತಂತೆ. ಐಸಿಯುನಲ್ಲಿ ಸಕ್ಕರೆ ಅಂಶ ಇಳಿಯುತ್ತದೆಯೇ ಎಂದು ಗಂಟೆಗಂಟೆಗೂ ಬೆರಳು ಚುಚ್ಚಿ ನೋಡಿದರು. ಶಸ್ತ್ರಚಿಕಿತ್ಸಕರು ಗಡ್ಡೆಯನ್ನು ಟ್ರೇಯಲ್ಲಿ ತಂದು ನಮಗೆ ತೋರಿಸಿದರು. ಮಧ್ಯಕ್ಕೆ ಸೀಳಿದ್ದರು. ಒಂದು ಬದಿ ಮೆತ್ತಗೆ, ಕಂದುಗೆಂಪು. ಇನ್ನೊಂದು ಬದಿ ಗಟ್ಟಿ, ಮಾಸಲು ಬಿಳಿ, ರಕ್ತದ ಸುಳಿವೇ ಇಲ್ಲ. ನನಗೆ ಆ ಬಿಳಿ ಭಾಗದ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡ ನಮಗೆ ನಿಜವಾದ ಕಾಯುವಿಕೆ ಶುರುವಾದದ್ದು ಆಮೇಲೆ. ಮೊದಲ ಪೆಥಾಲಜಿ ವರದಿಯಲ್ಲಿ ಫಿಯೋಕ್ರೋಮೋಸೈಟೋಮ ಎಂದು ಬರೆದು, ಕೆಳಗೆ ‘ಗ್ಯಾಂಗ್ಲಿಯನ್ ಕೋಶಗಳಿರುವ ಭಾಗಗಳಿವೆ, ಇಮ್ಯುನೋಹಿಸ್ಟೋಕೆಮಿಸ್ಟ್ರಿ ಅಗತ್ಯ’ ಎಂದು ಸೇರಿಸಿದ್ದರು. ಆ ಸಾಲಿನ ಅರ್ಥ ಹುಡುಕುತ್ತ ಹೋದ ನನಗೆ ಸಿಕ್ಕ ಪದಗಳಲ್ಲಿ ನ್ಯೂರೋಬ್ಲಾಸ್ಟೋಮವೂ ಇತ್ತು. ಅದು ಉಗ್ರ ಕ್ಯಾನ್ಸರ್. ರಾತ್ರಿಯಿಡೀ ನಿದ್ದೆ ಬರಲಿಲ್ಲ, ಮನೆಯವರಿಗೆ ಹೇಳಲೂ ಆಗಲಿಲ್ಲ.

ಬೆಳಿಗ್ಗೆ ಪೆಥಾಲಜಿ ವಿಭಾಗಕ್ಕೇ ಹೋಗಿ ವರದಿಗೆ ಸಹಿ ಹಾಕಿದ ವೈದ್ಯೆಯನ್ನು ಕಾಣಲು ಕೇಳಿಕೊಂಡೆ. ರೋಗಿಯ ಕಡೆಯವರು ಅಲ್ಲಿಗೆ ಹೋಗುವ ರೂಢಿಯೇ ಇಲ್ಲ, ಆದರೂ ಅವರು ಒಳಗೆ ಕರೆದರು. ಸ್ಲೈಡ್ ಇಟ್ಟು, “ನೋಡಿ” ಎಂದು ಸೂಕ್ಷ್ಮದರ್ಶಕ ಬಿಟ್ಟುಕೊಟ್ಟರು. ಒಂದು ಕಡೆ ಕೋಶಗಳು ಸಣ್ಣ ಸಣ್ಣ ಗುಂಪುಗಳಾಗಿ, ಸುತ್ತ ತೆಳುವಾದ ಗೆರೆಯೊಂದಿಗೆ ಕುಳಿತಿದ್ದವು. ಅದು ಫಿಯೋ, ಅಂದರೆ ಫಿಯೋಕ್ರೋಮೋಸೈಟೋಮ. ಸ್ಲೈಡನ್ನು ಕೊಂಚ ಸರಿಸಿದರು. ಗುಂಪುಗಳು ಮಾಯವಾಗಿ ಅಲೆಯಲೆಯಾದ ಗುಲಾಬಿ ಎಳೆಗಳು ಬಂದವು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಕೋಶ, ಒಳಗೆ ದುಂಡನೆಯ ಕೇಂದ್ರ, ಕೇಂದ್ರದಲ್ಲಿ ಎದ್ದು ಕಾಣುವ ಒಂದು ಚುಕ್ಕೆ. “ಇವು ಬಲಿತ ನರಕೋಶಗಳು. ಅಲೆಗಳು ನರದ ಹೊದಿಕೆಯ ಶ್ವಾನ್ ಕೋಶಗಳು. ಇದು ಗ್ಯಾಂಗ್ಲಿಯೋನ್ಯೂರೋಮ, ಸಾಧು, ಅಂದರೆ ಕ್ಯಾನ್ಸರ್ ಅಲ್ಲ. ಬಲಿಯದ ಸಣ್ಣ ನೀಲಿ ಕೋಶಗಳು ಎಲ್ಲಾದರೂ ಅಡಗಿದ್ದರೆ ಅದು ನ್ಯೂರೋಬ್ಲಾಸ್ಟೋಮ. ಅವಿಲ್ಲ ಎಂದು ಖಚಿತವಾಗುವವರೆಗೆ ನಾನು ಸಹಿ ಹಾಕುವುದಿಲ್ಲ” ಎಂದರು. ಗಡ್ಡೆಯ ಬಿಳಿ ಭಾಗದಿಂದ ಇನ್ನಷ್ಟು ತುಣುಕುಗಳನ್ನು ತೆಗೆಯಲು ಹೇಳಿದ್ದರು. ಒಂದೆರಡು ತುಣುಕು ಮಾತ್ರ ನೋಡಿದರೆ ಎರಡನೆಯ ಗಡ್ಡೆ ತಪ್ಪಿಹೋಗುತ್ತದಂತೆ. ಅಲ್ಲಲ್ಲಿ ಬಿಡಿ ನರಕೋಶ ಕಂಡರೆ ಸಾಲದು, ನರದ ಹೊದಿಕೆಯ ಹಂದರವೂ ಸೇರಿ ಪೂರ್ತಿ ಚಿತ್ರ ಕಂಡರಷ್ಟೇ ಕಾಂಪೋಸಿಟ್ ಎನ್ನಬೇಕು. ಆ ಅರ್ಧ ಗಂಟೆ ನನ್ನ ಎದೆಯ ಭಾರವನ್ನು ಇಳಿಸಿತು. ವರದಿ ಅರ್ಥವಾಗದಿದ್ದರೆ ಬರೆದವರನ್ನೇ ಕೇಳಿ. ಗೌರವದಿಂದ ಕೇಳಿದರೆ ಹೇಳುತ್ತಾರೆ.

ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂದರೆ ನಿರ್ದಿಷ್ಟ ಪ್ರೋಟೀನುಗಳಿಗೆ ಮಾತ್ರ ಬಣ್ಣ ಹಿಡಿಸುವ ಪರೀಕ್ಷೆ. ಕ್ರೋಮೋಗ್ರಾನಿನ್, ಸಿನಾಪ್ಟೋಫೈಸಿನ್ ಫಿಯೋ ಭಾಗಕ್ಕೆ ಹಿಡಿದವು. ಎಸ್-100 ಅಲೆಅಲೆಯ ಭಾಗಕ್ಕೆ ಹಿಡಿಯಿತು. ಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ ಎಂದು ತೋರಿಸುವ ಕೆಐ-67 ಕಡಿಮೆಯಿತ್ತು. ಒಂದೊಂದು ಬಣ್ಣಕ್ಕೂ ಬೇರೆ ದರ, ಪ್ಯಾಕೇಜಿನಲ್ಲಿ ಸೇರಿಲ್ಲ ಎಂದು ನಮ್ಮಿಂದ ಕಟ್ಟಿಸಿಕೊಂಡರು. ಎರಡನೆಯ ಅಭಿಪ್ರಾಯಕ್ಕೆ ಬೇರೊಂದು ಕೇಂದ್ರಕ್ಕೂ ಸ್ಲೈಡ್, ಬ್ಲಾಕ್ ಒಯ್ದೆವು, ಅಲ್ಲಿಯೂ ಅದೇ ಉತ್ತರ ಬಂತು. ಬ್ಲಾಕ್‌ಗಳು ಮೇಣದಲ್ಲಿ ಹುದುಗಿಸಿದ ತುಣುಕುಗಳು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ. ಪಡೆಯುವಾಗ, ಮರಳಿಸುವಾಗ ಸಂಖ್ಯೆ ಬರೆಸಿ ಸಹಿ ಹಾಕಿಸಿಕೊಳ್ಳಿ.

ಫಿಯೋಕ್ರೋಮೋಸೈಟೋಮವೇ ಅಪರೂಪ, ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗೆ ಮಾತ್ರ ಬರುವಂಥದು. ಅದರಲ್ಲೂ ನೂರಕ್ಕೆ ಸುಮಾರು 3 ಮಾತ್ರ ಕಾಂಪೋಸಿಟ್, ಅವುಗಳಲ್ಲಿ ಬಹುಪಾಲು ಅಕ್ಕನದರಂತೆ ಗ್ಯಾಂಗ್ಲಿಯೋನ್ಯೂರೋಮ ಜೊತೆಗಿರುವವು. ಸಾಧುವೇ ಅಲ್ಲವೇ ಎಂದು ಮಾವ ಪದೇ ಪದೇ ಕೇಳಿದರು. ಈಗಿನ ವರ್ಗೀಕರಣದಲ್ಲಿ ಯಾವ ಫಿಯೋವನ್ನೂ ಪೂರ್ತಿ ಸಾಧು ಎಂದು ಕೈಬಿಡುವುದಿಲ್ಲ, ಪ್ರತಿಯೊಂದಕ್ಕೂ ಮುಂದೆ ಹರಡುವ ಸಾಧ್ಯತೆ ಇದ್ದೇ ಇದೆ ಎಂದು ಲೆಕ್ಕವಿಟ್ಟು ಗಮನಿಸುತ್ತಾರೆ. ತಿಂಗಳ ನಂತರ ಮಾಡಿಸಿದ ಮೆಟಾನೆಫ್ರಿನ್ ಸಾಮಾನ್ಯ ಮಿತಿಗೆ ಇಳಿದಿತ್ತು. ಇನ್ನು ವರ್ಷಕ್ಕೊಮ್ಮೆ ಮಾಡಿಸಬೇಕು, ಕನಿಷ್ಠ ಹತ್ತು ವರ್ಷ. ಅಕ್ಕನಿಗೆ ಜೀವನಪೂರ್ತಿ ಮಾಡಿಸಿ ಎಂದಿದ್ದಾರೆ. ಅವಳ ಫೈಲಿನ ಮೊದಲ ಪುಟದಲ್ಲಿ ಕಾಯಿಲೆಯ ಹೆಸರನ್ನೂ, ಯಾವ ಶಸ್ತ್ರಚಿಕಿತ್ಸೆಗೆ ಮುನ್ನವೂ ಅರಿವಳಿಕೆ ತಜ್ಞರಿಗೆ ಇದನ್ನು ತೋರಿಸಬೇಕೆಂಬುದನ್ನೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಅಂಟಿಸಿದ್ದೇನೆ. ಗಡ್ಡೆ ಇನ್ನೂ ಒಳಗಿರುವವರಾದರೆ ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಸ್ಟಿರಾಯ್ಡ್ ಇಂಜೆಕ್ಷನ್ ಕೂಡ ಬಿ.ಪಿ.ಯನ್ನು ಕೆರಳಿಸಬಲ್ಲವು ಎಂಬುದನ್ನು ಅದೇ ಪುಟದಲ್ಲಿ ಬರೆದುಕೊಳ್ಳಿ.

ಫಿಯೋ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಅದು ವಂಶವಾಹಿ ದೋಷದಿಂದ ಬಂದಿರುತ್ತದೆ. ಆದ್ದರಿಂದ ಅಕ್ಕನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದ್ದೇವೆ, ವರದಿ ಇನ್ನೂ ಬಂದಿಲ್ಲ. ದೋಷ ಸಿಕ್ಕರೆ ನನಗೂ ಅವಳ ಮಕ್ಕಳಿಗೂ ಆ ಒಂದು ದೋಷಕ್ಕೆ ಮಾತ್ರ ಪರೀಕ್ಷಿಸಿದರೆ ಸಾಕು, ಖರ್ಚು ಬಹಳ ಕಡಿಮೆ. ಅಲ್ಲಿಯವರೆಗೆ ಸೋದರಳಿಯ ಅದೇ ಯಂತ್ರದಲ್ಲಿ ವಾರಕ್ಕೊಮ್ಮೆ ಮನೆಯವರೆಲ್ಲರ ಬಿ.ಪಿ. ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾನೆ. ನಾನು ಹೋದಾಗ ನನ್ನದನ್ನೂ ನೋಡುತ್ತಾನೆ.